ಮೊದಲ ಕಂಬಳದ ಮೆಡಲು

ನವೆಂಬರ್‌ನಲ್ಲಿ ಸೀಸನ್ನಿನ ಮೊದಲ ಕಂಬಳ, ಅಂದರೆ ಕೆಸರುಗದ್ದೆಯ ಕೋಣಗಳ ಓಟ, ಮುಗಿದ ಮರುದಿನ ಪುತ್ತೂರಿನ ಹೋಟೆಲೊಂದರಲ್ಲಿ ಚಾ ಕುಡಿಯುತ್ತಲೇ ಒಬ್ಬರು ಅಲ್ಲಿ ಗೆದ್ದ ಜೋಡಿಯ ಬಗ್ಗೆ ತೀರ್ಪು ಕೊಟ್ಟರು: “ಹಗ್ಗ ಹಿರಿಯ ವಿಭಾಗದಲ್ಲಿ ಈ ವರ್ಷ ಇವರದ್ದೇ ಮಾರಾಯ್ರೆ, ಬೇರೆಯವರು ಬರುವುದೇ ಬೇಡ.” ಏಪ್ರಿಲ್‌ವರೆಗಿನ ಓಟವೆಲ್ಲ ಇನ್ನೂ ಬಾಕಿ ಇದೆ!

ಮೊದಲ ಕಂಬಳ ಎಂದರೆ ನನಗೂ ಪ್ರಾಣ. ಫೈನಲ್ ಬೆಳಗಿನ ಜಾವಕ್ಕೆ ಹೋದರೂ ಜಾಗ ಬಿಟ್ಟು ಏಳುವುದಿಲ್ಲ. ಆದರೆ ನಾನು ಬರೆದಿಟ್ಟುಕೊಳ್ಳುವುದು ಮೆಡಲನ್ನಲ್ಲ; ಅದೇ ಜೋಡಿ ಅದೇ ಕರೆಯಲ್ಲಿ (ಓಟದ ಕೆಸರಿನ ದಾರಿಯಲ್ಲಿ) ಹಗಲು ಎಷ್ಟು ಸೆಕೆಂಡಿಗೆ ಬಂತು, ರಾತ್ರಿ ಕಳೆದು ಸೆಮಿಫೈನಲಿಗೆ ಎಷ್ಟಕ್ಕೆ ಬಂತು ಎಂಬುದನ್ನು. ಹಗಲಿನ ವೇಗವನ್ನು ಬೆಳಗಿನವರೆಗೆ ಉಳಿಸಿಕೊಂಡ ಕೋಣಗಳು ಅಂದು ಸೋತರೂ ಜನವರಿಯಲ್ಲಿ ಮೇಲೆ ಬರುತ್ತವೆ. ಕರೆಯ ಕೊನೆಯ ಮಂಜೊಟ್ಟಿಯ ದಿಬ್ಬ ಏರುವಾಗ ಎರಡರ ಕೊರಳೂ ಸಮ ಇದೆಯೇ, ಎಡದ್ದು ಬಲದ್ದನ್ನು ಒತ್ತುತ್ತಿದೆಯೇ, ಅದನ್ನೂ ನೋಡಬೇಕು. ಹೊಸದಾಗಿ ಕಟ್ಟಿದ ಜೋಡಿಯ ಗುಟ್ಟೆಲ್ಲ ಅಲ್ಲೇ ಬಯಲಾಗುವುದು.

ಒಂದು ಕರೆಯ ಸೆಕೆಂಡನ್ನು ಇನ್ನೊಂದು ಕರೆಗೆ ಹೋಲಿಸುವವರನ್ನು ಕಂಡರೆ ಸಿಟ್ಟು ಬರುತ್ತದೆ. ಉದ್ದ ಬೇರೆ, ಕೆಸರು ಬೇರೆ, ನೀರು ಬೇರೆ. 2020ರಲ್ಲಿ ಐಕಳದಲ್ಲಿ ಕೋಣ ಓಡಿಸುವ ಶ್ರೀನಿವಾಸ ಗೌಡರು 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಓಡಿದರು. ಕೆಲವೇ ದಿನಗಳಲ್ಲಿ ವೇಣೂರಿನಲ್ಲಿ ನಿಶಾಂತ್ ಶೆಟ್ಟರು 143 ಮೀಟರನ್ನು 13.61ರಲ್ಲಿ. ಲೋಕವೆಲ್ಲ ಓಟಗಾರ ಉಸೇನ್ ಬೋಲ್ಟ್‌ಗೆ ಹೋಲಿಸಿ ಲೆಕ್ಕ ಹಾಕಿತು. ಅವೆರಡೂ ಫೆಬ್ರವರಿಯ ಓಟ, ಕೋಣಗಳು ಹದಕ್ಕೆ ಬಂದ ಮೇಲಿನವು ಎಂಬುದನ್ನು ಯಾರೂ ಹೇಳಲಿಲ್ಲ.

ಸೀಸನ್ನಿನ ಆರಂಭ ನೋಡಿಯೇ ತೀರ್ಪು ಕೊಡಬಾರದು ಎಂಬುದಕ್ಕೆ ಹೊರಗಿನ ಉದಾಹರಣೆಯೂ ಇದೆ. ಅಮೆರಿಕದ ಬೇಸ್‌ಬಾಲಿನಲ್ಲಿ ಒಂದು ತಂಡಕ್ಕೆ ಸೀಸನ್ನಿಗೆ 162 ಪಂದ್ಯ. 2019ರಲ್ಲಿ ವಾಷಿಂಗ್ಟನ್ ನ್ಯಾಷನಲ್ಸ್ ಮೊದಲ 50ರಲ್ಲಿ 31 ಸೋತು, ಕೊನೆಗೆ ವರ್ಲ್ಡ್ ಸೀರೀಸನ್ನೇ ಗೆದ್ದಿತು. ಅಲ್ಲಿನವರು ಸೋಲಿಗೆ ಸಮಯ ಕೊಡುತ್ತಾರೆ.

ನಮ್ಮಲ್ಲಿ ಕೊಡುವುದಿಲ್ಲ; ಪೆಟ್ಟು ಬೀಳುವುದು ನೇಗಿಲು ಕಿರಿಯ ವಿಭಾಗದ ಎಳೆ ಕೋಣಗಳಿಗೆ. ಬೇಸಿಗೆಯಿಡೀ ಹುರುಳಿ ಬೇಯಿಸಿ ಹಾಕಿ, ಎಣ್ಣೆ ತಿಕ್ಕಿ, ಈಜಿಸಿ ಬೆಳೆಸಿದ ಜೋಡಿ ಎರಡು ಕಂಬಳದಲ್ಲಿ ಲೀಗಿನಲ್ಲೇ ಹಿಂದೆ ಬಿದ್ದರೆ ಯಜಮಾನರ ಕಿವಿ ಊದುವವರು ನೂರು ಮಂದಿ: ಬಲದ್ದನ್ನು ಕೊಡಿ, ಬೇರೆ ತನ್ನಿ, ಓಡಿಸುವವರನ್ನು ಬದಲಿಸಿ. ಜನಜಂಗುಳಿ, ಬೆಳಕು, ವಾದ್ಯದ ಗದ್ದಲಕ್ಕೆ ಆ ಮರಿಗಳು ಇನ್ನೂ ಹೆದರುತ್ತಿರುತ್ತವೆ. ಪುತ್ತೂರು ಮಹಾಲಿಂಗೇಶ್ವರನ ದೇವರಮಾರು ಗದ್ದೆಯ ಕೋಟಿ-ಚೆನ್ನಯ ಕಂಬಳದವರೆಗಾದರೂ ಜೋಡಿ ಒಡೆಯಬೇಡಿ ಎಂದು ಸಿಕ್ಕಿದ ಯಜಮಾನರಿಗೆಲ್ಲ ಹೇಳುತ್ತಿದ್ದೇನೆ. ಆ ಹೊತ್ತಿಗೂ ಎಡ-ಬಲ ಹೊಂದದಿದ್ದರೆ ಆಮೇಲೆ ಬದಲಿಸಲಿ.