ಕೈಗೂ ತಾಲೀಮು ಬೇಕು, ಪುಟ್ಟಿ

ವಿದ್ಯಾನಗರ, ಶಿವಮೊಗ್ಗ

ಪ್ರೀತಿಯ ಪುಟ್ಟಿ,

ನೀನು ಕಳಿಸಿದ ಫೋಟೋವನ್ನು ನಿನ್ನ ದೊಡ್ಡಮ್ಮನಿಗೂ ತೋರಿಸಿದೆ. ಗೆಣ್ಣುಗಳ ಮೇಲೆ ಸುಲಿದ ಚರ್ಮ ನೋಡಿ, "ಹೆಣ್ಣುಮಗು ಕೈ ಹಿಂಗಾ ಇರೋದು?" ಅಂದಳು. ನನಗೆ ಹಾಗನ್ನಿಸಲಿಲ್ಲ. ಕರಾಟೆ ಕಲಿಯುವವಳ ಕೈ ಅದು. ನೋಡಿ ಹೆಮ್ಮೆಯೇ ಆಯಿತು. ಆದರೆ "ಯಾವ ಎಣ್ಣೆ ಹಚ್ಚಲಿ ದೊಡ್ಡಪ್ಪ?" ಎಂದು ಕೇಳಿದ್ದೀಯಲ್ಲ, ಅದಕ್ಕೆ ಫೋನಿನಲ್ಲಿ ಎರಡು ಮಾತು ಹೇಳಿದರೆ ಸಾಲದು. ಅದಕ್ಕೇ ಈ ಕಾಗದ.

ನಾನು ಗರಡಿಗೆ ಹೋಗುತ್ತಿದ್ದ ಕಾಲದಲ್ಲಿ ಸಾಮು ಮುಗಿದ ಕೂಡಲೇ ಯಾರೂ ಮನೆಯ ದಾರಿ ಹಿಡಿಯುತ್ತಿರಲಿಲ್ಲ. ಮೈಮೇಲಿನ ಕೆಮ್ಮಣ್ಣು ಒರೆಸಿಕೊಂಡು, ಗೋಡೆಗೊರಗಿ ಕೂತು, ಒಬ್ಬರಿಗೊಬ್ಬರು ತೋಳು, ಮುಂಗೈ ನೀವುತ್ತಿದ್ದೆವು. ಉಸ್ತಾದರು ಅದನ್ನೂ ತಾಲೀಮಿನ ಲೆಕ್ಕಕ್ಕೇ ಹಿಡಿಯುತ್ತಿದ್ದರು. ಕೋಟೆ ಮಾರಿಕಾಂಬಾ ಜಾತ್ರೆಯ ಕುಸ್ತಿ ಹತ್ತಿರ ಬಂದರಂತೂ ಹಿಡಿತ ಉಳಿಯಬೇಕಲ್ಲ, ನೀವಿಸಿಕೊಳ್ಳದವನಿಗೆ ಬೈಗುಳ ಖಚಿತ. ನೀನಿರುವ ಮೈಸೂರಿನಲ್ಲಿ ವಿಜಯದಶಮಿಯ ದಿನ ಅರಮನೆಯಲ್ಲಿ ವಜ್ರಮುಷ್ಟಿ ಕಾಳಗ ನಡೆಯುತ್ತದೆ. ಎದುರಾಳಿಯ ತಲೆಯಲ್ಲಿ ರಕ್ತ ಚಿಮ್ಮಿದೊಡನೆ ನಿಲ್ಲಿಸುವ ಕಾಳಗ ಅದು. ಅದನ್ನು ಆಡುವ ಜಟ್ಟಿಗಳು ಹಿಂದಿನಿಂದಲೂ ಉಳುಕು ತೆಗೆಯುವುದಕ್ಕೆ, ಜಾರಿದ ಕೀಲು ಕೂರಿಸುವುದಕ್ಕೆ ಹೆಸರಾದವರು. ಹೊಡೆಯುವ ವಿದ್ಯೆಯೂ ವಾಸಿ ಮಾಡುವ ವಿದ್ಯೆಯೂ ಒಂದೇ ಮನೆಯಲ್ಲಿ ಬೆಳೆದವು ಎನ್ನುವುದು ನನಗೆ ತುಂಬ ಇಷ್ಟವಾದ ಸಂಗತಿ.

ಈಗ ಎಣ್ಣೆಯ ಮಾತು. ಎಳ್ಳೆಣ್ಣೆಯೋ ಕೊಬ್ಬರಿ ಎಣ್ಣೆಯೋ, ಮನೆಯಲ್ಲಿ ಯಾವುದಿದೆಯೋ ಅದು ಸಾಕು. ಎಣ್ಣೆಗಿಂತ ಎಲ್ಲಿ ನೀವುತ್ತೀ ಎನ್ನುವುದು ಮುಖ್ಯ. ಎಲ್ಲರೂ ಬೆರಳನ್ನೇ ತಿಕ್ಕುತ್ತಾ ಕೂರುತ್ತಾರೆ. ಬೆರಳೊಳಗೆ ಮಾಂಸಖಂಡವೇ ಇಲ್ಲ. ಅದನ್ನು ಆಡಿಸುವ ದೊಡ್ಡ ಸ್ನಾಯುಗಳೆಲ್ಲ ಮುಂಗೈಯಲ್ಲಿ, ಮೊಣಕೈ ಹತ್ತಿರ ಇವೆ. ಸೂತ್ರದ ಗೊಂಬೆಯ ಹಾಗೆ ಅಲ್ಲಿಂದ ಹುರಿ ಎಳೆದರೆ ಇಲ್ಲಿ ಬೆರಳು ಮಡಚುತ್ತದೆ. ಹಾಗಾಗಿ ರಾತ್ರಿ ಊಟವಾದ ಮೇಲೆ ಬೆಚ್ಚಗಿನ ಎಣ್ಣೆ ಹಚ್ಚಿ, ಮೊದಲು ಮುಂಗೈಯನ್ನು ಹಿಡಿ. ಇನ್ನೊಂದು ಕೈಯ ಹೆಬ್ಬೆರಳನ್ನು ಒತ್ತಿ ನಿಧಾನಕ್ಕೆ ಸರಿಸು. ಗಂಟು ಕಟ್ಟಿದಂತಿರುವ ಕಡೆ ನಿಲ್ಲು, ಎರಡು ಉಸಿರು ಬಿಡುವಷ್ಟು ಹೊತ್ತು ಒತ್ತಿಹಿಡಿ, ಆಮೇಲೆ ಮುಂದಕ್ಕೆ ಹೋಗು. ಹೆಬ್ಬೆರಳು ತೋರುಬೆರಳಿನ ನಡುವಿನ ದಪ್ಪ ಮಾಂಸವನ್ನು ಮರೆಯಬೇಡ, ಮುಷ್ಟಿ ಬಿಗಿದು ಬಿಗಿದು ಅದೂ ಸೋತಿರುತ್ತದೆ. ಬೆರಳುಗಳ ಸರದಿ ಕೊನೆಗೆ. ನೆಟಿಗೆ ಮುರಿಯಲು ಜಗ್ಗಬೇಡ. ದಿನವಿಡೀ ಮುಷ್ಟಿ ಕಟ್ಟುವವಳು ಬೆರಳು ಬಿಡಿಸುವುದನ್ನೂ ಅಭ್ಯಾಸ ಮಾಡಬೇಕು: ಐದೂ ಬೆರಳ ತುದಿಗೆ ಒಂದು ರಬ್ಬರ್ ಬ್ಯಾಂಡ್ ಹಾಕಿ ಮೆಲ್ಲಗೆ ಅಗಲಿಸು.

ಸುಲಿದ ಜಾಗಕ್ಕೆ ಮಾತ್ರ ಎಣ್ಣೆ ಸೋಕಿಸಬೇಡ. ಸೋಪು, ನೀರಿನಲ್ಲಿ ತೊಳೆದು ಒಣಗಿಸಿ, ಆರುವವರೆಗೆ ಬಟ್ಟೆ ಕಟ್ಟು. ನಿನ್ನ ಗೆಳತಿ ಹೇಳಿದ, ಪೆಟ್ಟಿಗೆ ಹಚ್ಚುವ ಚೀನಾದ ಮದ್ದು ದಿತ್ ದಾ ಜೌ ಅಂತೂ ಬೇಡವೇ ಬೇಡ. ಅಂಥ ಕೆಲವು ಮದ್ದುಗಳಲ್ಲಿ ವತ್ಸನಾಭಿಯಂಥ ವಿಷಮೂಲಿಕೆ ಇರುತ್ತದೆ, ಗಾಯದೊಳಗೆ ಇಳಿದರೆ ಅಪಾಯ. ಉಗುರು ಕತ್ತರಿಸಿಕೊಂಡಿರು. ಯಾರದೋ ಟವೆಲ್ಲು, ಗ್ಲೌಸು ಹಾಕಿಕೊಳ್ಳಬೇಡ, ಹುಳುಕಡ್ಡಿ ಅಂಟುವುದು ಹಾಗೆಯೇ. ಗುದ್ದು ತೋರುಬೆರಳು, ನಡುಬೆರಳಿನ ಗೆಣ್ಣಿನ ಮೇಲೆ ಬೀಳಲಿ ಎಂದು ನಿಮ್ಮ ಮೇಷ್ಟ್ರು ಹೇಳಿರುತ್ತಾರೆ. ಗುದ್ದು ವಾರೆಯಾದರೆ ಮುರಿಯುವುದು ಕಿರುಬೆರಳಿನ ಬುಡದ ಮೂಳೆ.

ಒಂದು ಮಾತನ್ನು ಮನಸ್ಸಿನಲ್ಲಿಟ್ಟುಕೋ. ನೀವುವುದು ದಣಿದ ಕೈಗೆ, ಪೆಟ್ಟಾದ ಕೈಗಲ್ಲ. ಹೊಸದಾಗಿ ಬಾತ ಜಾಗವನ್ನು ಮೊದಲ ಎರಡು ಮೂರು ದಿನ ತಿಕ್ಕಿದರೆ ಬಾವು ಏರುತ್ತದೆ. ಬಟ್ಟೆಯಲ್ಲಿ ಸುತ್ತಿದ ಐಸು ಇಟ್ಟು, ಕೈಯನ್ನು ಎತ್ತರಿಸಿ ಮಲಗು, ಅಷ್ಟೆ.

ನಿನ್ನ ಮೆಸೇಜಿನ ಕೊನೆಯಲ್ಲಿ, ಹೋದ ವಾರ ಅಂಗೈ ಊರಿ ಬಿದ್ದೆ, ಹೆಬ್ಬೆರಳ ಬುಡ ಇನ್ನೂ ನೋಯುತ್ತೆ ಅಂತ ಹಗುರವಾಗಿ ಬರೆದಿದ್ದೀ. ನನಗೆ ಅದು ಹಗುರ ಅನ್ನಿಸಲಿಲ್ಲ. ಹೆಬ್ಬೆರಳನ್ನು ಮೇಲಕ್ಕೆತ್ತಿದಾಗ ಮಣಿಕಟ್ಟಿನ ಹತ್ತಿರ ಒಂದು ಗುಳಿ ಬೀಳುತ್ತದಲ್ಲ, ಅಲ್ಲಿ ಒತ್ತಿ ನೋಡು. ಅಲ್ಲಿ ನೋವಿದ್ದರೆ ಸ್ಕೇಫಾಯ್ಡ್ ಎನ್ನುವ ಪುಟ್ಟ ಮೂಳೆ ಬಿರುಕು ಬಿಟ್ಟಿರಬಹುದು. ಆ ಮೂಳೆಗೆ ರಕ್ತ ಹರಿಯುವುದೇ ಕಡಿಮೆ, ಕಡೆಗಣಿಸಿದರೆ ಕೂಡದೇ ಹೋಗಬಹುದು. ಮೊದಲ ಎಕ್ಸ್‌ರೇಯಲ್ಲಿ ಬಿರುಕು ಕಾಣದೇ ಇರಬಹುದು. ಆಗ ಡಾಕ್ಟರು ಪಟ್ಟಿ ಕಟ್ಟಿ, 10–14 ದಿನ ಬಿಟ್ಟು ಮತ್ತೆ ಬರಹೇಳುತ್ತಾರೆ. ಮರೆಯದೆ ಎರಡನೇ ಸಲವೂ ಹೋಗು. ಜಟ್ಟಿಗಳ ಕೈಗುಣದ ಬಗ್ಗೆ ನನಗೆ ಎಷ್ಟೇ ಗೌರವವಿದ್ದರೂ ಮೂಳೆಯ ಬಿರುಕನ್ನು ನೀವಿ ವಾಸಿಮಾಡಲು ಆಗುವುದಿಲ್ಲ.

ಬೆಲ್ಟ್ ಪರೀಕ್ಷೆ ಮುಂದಕ್ಕೆ ಹೋದರೆ ಹೋಗಲಿ. ನಾಳೆಯೇ ಮೂಳೆ ಡಾಕ್ಟರ ಹತ್ತಿರ ಹೋಗು, ಅವರು ಏನೆಂದರೆಂದು ಸಂಜೆಯೊಳಗೆ ನನಗೆ ಫೋನ್ ಮಾಡು.

ನಿನ್ನ
ದೊಡ್ಡಪ್ಪ