ಭಯಕ್ಕೆ ಕೊಟ್ಟ ಕೂಲಿ

ನನ್ನ ತಂದೆಯವರು ಇಪ್ಪತ್ತೆರಡು ವರ್ಷ ಲಾರಿ ಓಡಿಸಿದವರು. ಹೊಸಪೇಟೆಯ ಕಡೆಯ ಅದಿರನ್ನು ಹೇರಿಕೊಂಡು, ಹುಬ್ಬಳ್ಳಿ ಯಲ್ಲಾಪುರಗಳನ್ನು ಹಾಯ್ದು, ಅರಬೈಲು ಘಟ್ಟವನ್ನಿಳಿದು ಬೇಲೇಕೇರಿ ಬಂದರಿಗೆ ಮುಟ್ಟಿಸುವುದು ಅವರ ಕಡೆಗಾಲದ ಕೆಲಸವಾಗಿತ್ತು. 2008ರ ಚಳಿಗಾಲದ ಒಂದು ಬೆಳಿಗ್ಗೆ ಕೀಲಿಕೈಯನ್ನು ಮಾಲಕರ ಮೇಜಿನ ಮೇಲಿಟ್ಟು ಅಂಕೋಲೆಯ ಮನೆಗೆ ಬಂದವರು ಮತ್ತೆ ಲಾರಿ ಹತ್ತಲಿಲ್ಲ. ಏಕೆಂದು ಹೇಳಲೂ ಇಲ್ಲ. ‘ಹೆದರಿದ’ ಎಂದು ನೆಂಟರು ನಕ್ಕರು. ಆಗ ಕಾಲೇಜಿನಲ್ಲಿ ಓದುತ್ತಿದ್ದ ನಾನೂ ಒಳಗೊಳಗೇ ಹಾಗೆಯೇ ಎಣಿಸಿದ್ದೆನೆಂಬುದನ್ನು ಇಂದು ಒಪ್ಪಿಕೊಳ್ಳಬೇಕಾಗಿದೆ.

2024ರ ಮಳೆಗಾಲ ನಮ್ಮ ಸೀಮೆಗೆ ಕ್ರೂರವಾಗಿತ್ತು. ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯ ಮೇಲಿದ್ದವರನ್ನು ಗಂಗಾವಳಿಗೆ ನೂಕಿತು. ಅಲ್ಲಿ ಸಿಕ್ಕಿದ ಒಂದು ಲಾರಿ ನದಿಯ ತಳದಿಂದ ಮೇಲಕ್ಕೆ ಬಂದದ್ದು ಸೆಪ್ಟೆಂಬರ್ 25ರಂದು. ನಡುವೆ, ಆಗಸ್ಟ್ 7ರ ನಡುರಾತ್ರಿ ಕಾರವಾರದ ಕಾಳಿ ನದಿಯ ಹಳೆಯ ಸೇತುವೆ ಮುರಿದು ಒಂದು ಲಾರಿ ನೀರಿಗೆ ಬಿದ್ದಿತು; ಪುಣ್ಯಕ್ಕೆ ಚಾಲಕನು ಬದುಕಿದನು. ಆ ದಿನಗಳಲ್ಲಿ ತಂದೆಯವರು ಸಂಜೆಯಾದೊಡನೆ ಫೋನು ಹಿಡಿದು ಅಂಗಳಕ್ಕೆ ಹೋಗುವುದನ್ನು ಕಂಡೆನು, ಯಾರಿಗೆಂದು ಕೇಳಲಿಲ್ಲ.

ಅಂಥದೊಂದು ರವಿವಾರ ಕಾರವಾರದಿಂದ ಮನೆಗೆ ಬಂದಿದ್ದ ನಾನು ಫ್ರೆಂಚ್ ನಿರ್ದೇಶಕ ಕ್ಲೂಜೊನ 1953ರ ‘ದಿ ವೇಜಸ್ ಆಫ್ ಫಿಯರ್’ ಚಿತ್ರವನ್ನು ಹಚ್ಚಿದೆನು. ಭಯದ ಕೂಲಿ ಎಂದು ಹೆಸರಿನ ಅರ್ಥ. ದಕ್ಷಿಣ ಅಮೆರಿಕದ ಒಂದು ಹಾಳು ಊರು; ದೂರದಲ್ಲಿ ಎಣ್ಣೆಯ ಬಾವಿಗೆ ಬೆಂಕಿ. ಅದನ್ನು ನಂದಿಸಲು ನೈಟ್ರೊಗ್ಲಿಸರಿನ್ ಬೇಕು; ಜೋರಾಗಿ ಕುಲುಕಿದರೆ ಅದು ಸಿಡಿಯುತ್ತದೆ. ಎರಡು ಲಾರಿ, ನಾಲ್ವರು ನಿರ್ಗತಿಕರು, ತಲೆಗೆ 2,000 ಡಾಲರ್.

ಅವರಲ್ಲಿ ಜೋ ಎಂಬ ಹಿರಿಯನೊಬ್ಬನು ಊರಿನಲ್ಲಿ ಹುಲಿ. ದಾರಿಯಲ್ಲಿ ಮಾತ್ರ ಥರಥರ ನಡುಗುತ್ತಾನೆ. ನಾನು ನಕ್ಕೆನು. ತಂದೆಯವರು ನಗಲಿಲ್ಲ.

“ಅಂವ ಪುಕ್ಕಲ ಅಲ್ಲ ತಮ್ಮಾ, ರಸ್ತೆ ಕಂಡವ.”

ಕೊನೆಯನ್ನು ಹೇಳಬಾರದೆಂಬ ನಿಯಮವನ್ನು ಮುರಿಯುತ್ತಿದ್ದೇನೆ, ಓದುಗರು ಕ್ಷಮಿಸಬೇಕು. ಸರಕು ಮುಟ್ಟಿಸಿ, ಹಣ ಪಡೆದು, ನಾಯಕನು ಬರಿದಾದ ಲಾರಿಯಲ್ಲಿ ಹಿಂದಿರುಗುತ್ತಾನೆ. ನಾನು ನಿಟ್ಟುಸಿರು ಬಿಟ್ಟೆನು. ತಂದೆಯವರು ಮಾತ್ರ ಮುಂದಕ್ಕೆ ಬಾಗಿ, “ಖಾಲಿ ಗಾಡಿ. ಇನ್ನು ಹುಷಾರಾಗಿರಬೇಕು ಅಂವ” ಎಂದರು. ರೇಡಿಯೋದ ಸಂಗೀತಕ್ಕೆ ಲಾರಿಯನ್ನು ಕುಣಿಸುತ್ತ ಬಂದ ಆ ಮನುಷ್ಯ ಪ್ರಪಾತಕ್ಕೆ ಬಿದ್ದನು.

ಮರುವಾರ ಅದೇ ಕಥೆಯನ್ನಾಧರಿಸಿ ಅಮೆರಿಕದ ಫ್ರೀಡ್‌ಕಿನ್ 1977ರಲ್ಲಿ ತೆಗೆದ ‘ಸಾರ್ಸರರ್’ ನೋಡಿದೆವು. ‘ಸ್ಟಾರ್ ವಾರ್ಸ್’ ತೆರೆಗೆ ಬಂದ ಮರುತಿಂಗಳೇ ಬಂದು ಸೋತ ಚಿತ್ರವಿದು. ಫ್ರೀಡ್‌ಕಿನ್ ಇದನ್ನು ಕ್ಲೂಜೊನಿಗೇ ಅರ್ಪಿಸಿದ್ದಾನೆ. ಕ್ಲೂಜೊ ತನ್ನವರ ಹಿಂದಿನ ಬದುಕನ್ನು ಹೆಚ್ಚು ಹೇಳುವುದಿಲ್ಲ. ಫ್ರೀಡ್‌ಕಿನ್ ನಾಲ್ವರ ಪೂರ್ವವೃತ್ತವನ್ನು ಮೊದಲೇ ವಿಸ್ತರಿಸುತ್ತಾನೆ. ಅದೇ ಹೆಚ್ಚಿನ ಕಲೆಯೆಂದು ನಾನು ಪಾಠ ಹೇಳಹೊರಟಾಗ ತಂದೆಯವರು, “ಇಳಿಜಾರಿಗೆ ನಮ್ಮ ಹಿಂದಿನ ಕಥೆ ಗೊತ್ತಿರ್ತದೆಯೊ?” ಎಂದು ಕೇಳಿದರು. ಆದರೆ ಬಿರುಗಾಳಿ ಮಳೆಯಲ್ಲಿ ತೂಗಾಡುವ ಹಗ್ಗದ ಸೇತುವೆಯ ಮೇಲೆ ಲಾರಿ ಅಂಗುಲ ಅಂಗುಲವಾಗಿ ಸರಿಯುವ ದೃಶ್ಯ ಬಂದಾಗ ಎದ್ದು ಹೊರಗೆ ಹೋದರು.

ಹಿಂಬಾಲಿಸಿ ಹೋದೆನು. ಕತ್ತಲೆಯಲ್ಲಿ ಅವರಾಗಿಯೇ ಹೇಳತೊಡಗಿದರು. ಅರಬೈಲಿನ ಇಳುಕಲಿನಲ್ಲಿ ಬ್ರೇಕು ಕಾದು ಹಿಡಿಯದೆ ಹೋಯಿತು. ಮುಂದಿನ ತಿರುವಿನಲ್ಲಿ ಕೆಟ್ಟು ನಿಂತ ಇನ್ನೊಂದು ಲಾರಿ. ಇವರು ಗುಡ್ಡದ ಬದಿಯ ಗಟಾರಕ್ಕೆ ಗಾಡಿ ಒರಗಿಸಿ ನಿಲ್ಲಿಸಿದರು. ಪಕ್ಕದಲ್ಲಿ ನಿದ್ದೆ ಹೋಗಿದ್ದ ಕ್ಲೀನರ್ ಹುಡುಗ ಕಣ್ಣುಜ್ಜಿಕೊಂಡು, “ಬಂದರ ಬಂತೋ?” ಎಂದು ಕೇಳಿದನಂತೆ.

“ನಿನ್ನಷ್ಟೇ ವಯಸ್ಸು ಅವನಿಗೆ. ಮತ್ತೆ ಕೈ ಬರಲಿಲ್ಲ ನನಗೆ” ಎಂದರು.

ಹದಿನಾರು ವರ್ಷ ನಾವು ಅಂಜಿಕೆಯೆಂದು ಹೆಸರಿಟ್ಟಿದ್ದು ಇದಕ್ಕೆ.

“ಆ ಹುಡುಗ ಈಗೆಲ್ಲಿ, ಅಪ್ಪಾ?”

“ಅವನೇ ಡ್ರೈವರ್ ಈಗ. ಇದೇ ಹೆದ್ದಾರಿ” ಎಂದು ಹೇಳಿ ತಂದೆಯವರು ಕಿಸೆಯಿಂದ ಫೋನು ತೆಗೆದರು. ಸಂಜೆಯ ಕರೆ ಅಂದು ತಡವಾಗಿತ್ತು.