ಹೆಸರಿನ ತುದಿಯಲ್ಲೊಂದು ಸಮುದ್ರ

ಹೊಂಗಸಂದ್ರ, ಸಿಂಗಸಂದ್ರ, ಬೊಮ್ಮಸಂದ್ರ. ಆರ್.ವಿ. ರಸ್ತೆಯಿಂದ ಹೊರಡುವ ಹಳದಿ ಮಾರ್ಗದ ಮೆಟ್ರೋದಲ್ಲಿ ಈ ಹೆಸರುಗಳು ಕಿವಿಗೆ ಬೀಳುವಾಗ ಯಾರೋ ಪ್ರಾಸ ಹಿಡಿದು ಪದ ಕಟ್ಟಿದ್ದಾರೆ ಅನ್ನಿಸುತ್ತದೆ. 2025ರ ಆಗಸ್ಟ್‌ನಲ್ಲಿ ಈ ಮಾರ್ಗ ಶುರುವಾದ ಮೇಲೆ ದಕ್ಷಿಣ ಬೆಂಗಳೂರಿನ ಸಂದ್ರಗಳನ್ನು ಹೆಕ್ಕಿಕೊಳ್ಳುವುದು ನನಗೊಂದು ಸುಖದ ಗೀಳಾಗಿದೆ. ಜಯನಗರದ ಮಗ್ಗುಲಲ್ಲಿ ಬೈರಸಂದ್ರ, ಬನಶಂಕರಿ ಕಡೆ ಕರಿಸಂದ್ರ, ಹೊಸೂರು ರಸ್ತೆಗೆ ತಾಗಿಕೊಂಡು ಲಕ್ಕಸಂದ್ರ, ಉತ್ತರಹಳ್ಳಿಯ ದಾರಿಯಲ್ಲಿ ಚಿಕ್ಕಲ್ಲಸಂದ್ರ, ಕನಕಪುರ ರಸ್ತೆಯಲ್ಲಿ ಅದರ ಅಣ್ಣ ದೊಡ್ಡಕಲ್ಲಸಂದ್ರ. ಬಸವನಗುಡಿಯಲ್ಲೊಂದು ನಾಗಸಂದ್ರ ವೃತ್ತವಿದ್ದರೆ, ತುಮಕೂರು ರಸ್ತೆಯಲ್ಲಿ ಇನ್ನೊಂದು ನಾಗಸಂದ್ರವಿದೆ.

ಸಂದ್ರ ಎಂದರೆ ಸಮುದ್ರ. ನಡುವಿನ ‘ಮು’ ಬಾಯಿಂದ ಬಾಯಿಗೆ ಸವೆದು ಸವೆದು ಬರೀ ಸೊನ್ನೆಯಾಗಿ ಉಳಿದಿದೆ. ಬೊಮ್ಮಸಮುದ್ರ ಬೊಮ್ಮಸಂದ್ರವಾಯಿತು, ಬೈರಸಮುದ್ರ ಬೈರಸಂದ್ರವಾಯಿತು. ಮೊನ್ನೆ ಜೊತೆಗೆ ಬಂದಿದ್ದ ತಂಗಿಯ ಮಗಳು ಇದನ್ನು ಕೇಳಿ, “ದೊಡ್ಡಮ್ಮ, ಇಲ್ಲಿ ಸಮುದ್ರ ಇತ್ತಾ?” ಎಂದು ಕಿಟಕಿಗೆ ಮೂಗು ಒತ್ತಿ ನೋಡಿದಳು. “ಇತ್ತು ಪುಟ್ಟಿ, ಕೈಯಾರೆ ಕಟ್ಟಿದ್ದು” ಎಂದೆ.

ನಮ್ಮೂರು ಇರುವುದು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿ. ಮಂಗಳೂರಿನ ಕಡಲು ಇಲ್ಲಿಂದ ಮುನ್ನೂರೈವತ್ತು ಕಿಲೋಮೀಟರ್ ಆಚೆ. ವರ್ಷವಿಡೀ ತುಂಬಿ ಹರಿಯುವ ದೊಡ್ಡ ಹೊಳೆಯೊಂದೂ ಹತ್ತಿರದಲ್ಲಿಲ್ಲ. ಇರುವುದೆಲ್ಲ ಮಳೆ, ಮತ್ತೆ ಆ ಮಳೆಯನ್ನು ಇಳಿಸಿಕೊಳ್ಳುವ ಇಳಿಜಾರು. ಅಂಥ ಇಳಿಜಾರಿಗೆ ಅಡ್ಡಲಾಗಿ ಮಣ್ಣಿನ ಏರಿ ಹಾಕಿ, ಒಳಮೈಗೆ ಕಲ್ಲು ಕಟ್ಟಿ, ಗದ್ದೆಗೆ ನೀರು ಬಿಡಲು ತೂಬು ಇಟ್ಟು, ಹೆಚ್ಚಾದದ್ದು ಹರಿದುಹೋಗಲು ಒಂದು ಪಕ್ಕದಲ್ಲಿ ಕೋಡಿ ಬಿಟ್ಟರೆ ಕೆರೆಯಾಯಿತು. ಮೇಲಿನ ಕೆರೆಯ ಕೋಡಿ ಬಿದ್ದರೆ ಕೆಳಗಿನ ಕೆರೆಗೆ ನೀರು. ಮಡಿವಾಳದ ಕೆರೆ ತುಂಬಿ ಅಗರಕ್ಕೆ, ಅಗರ ತುಂಬಿ ಬೆಳ್ಳಂದೂರಿಗೆ. ತೂಬು ಎತ್ತಿ ಇಳಿಸಿ, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಎಂದು ನೋಡಿಕೊಳ್ಳಲು ಊರಿಗೊಬ್ಬ ನೀರಗಂಟಿ ಇರುತ್ತಿದ್ದ. ಅಗರದಲ್ಲಿ ಗಂಗರ ಕಾಲದ ಶಾಸನವೊಂದು ಸಿಕ್ಕಿದೆ. ಸಾವಿರದ ನೂರು ವರ್ಷಕ್ಕೂ ಹಿಂದೆ ಕೆರೆಗೆ ತೂಬು ಇಡಿಸಿದ ಪುಣ್ಯವನ್ನು ಅದು ಕಲ್ಲಿನ ಮೇಲೆ ಬರೆದಿಟ್ಟಿದೆ. ಯುದ್ಧ ಗೆದ್ದವನಿಗೆ ಸಲ್ಲುವ ಮರ್ಯಾದೆ ತೂಬು ಇಡಿಸಿದವನಿಗೂ ಸಲ್ಲುತ್ತಿತ್ತು ಎಂಬುದು ನನಗೆ ಬಹಳ ಇಷ್ಟವಾದ ಸಂಗತಿ.

ಕೆರೆಯನ್ನು ಸಮುದ್ರ, ಸಾಗರ ಎಂದು ಕರೆದವರಲ್ಲಿ ದೊಡ್ಡವರೂ ಇದ್ದಾರೆ. ಹೊಯ್ಸಳರ ರಾಜಧಾನಿ, ಇಂದಿನ ಹಳೇಬೀಡು, ಆಗ ದೋರಸಮುದ್ರ. ವಿಜಯನಗರದ ಬುಕ್ಕನ ಮಗ ಭಾಸ್ಕರ ಕಡಪ ಸೀಮೆಯ ಪೊರುಮಾಮಿಳ್ಳದಲ್ಲಿ ಕಟ್ಟಿಸಿದ ಕೆರೆಗೆ ಅನಂತರಾಜಸಾಗರ ಎಂದೇ ಹೆಸರು. ಅಲ್ಲಿನ 1369ರ ಶಾಸನ ಒಳ್ಳೆಯ ಕೆರೆಗೆ ಬೇಕಾದ ಹನ್ನೆರಡು ಅಂಗಗಳನ್ನೂ ಬರಬಾರದ ಆರು ದೋಷಗಳನ್ನೂ ಹೇಳಿ, ಸಾವಿರ ಆಳು, ನೂರು ಬಂಡಿ, ಎರಡು ವರ್ಷದ ಕೆಲಸ ಎಂದು ಲೆಕ್ಕವನ್ನೂ ಕೊಡುತ್ತದೆ. ಅರಸುಮಗ ಅಷ್ಟು ದೊಡ್ಡ ನೀರಿಗೆ ಸಾಗರ ಎಂದದ್ದು ಸಹಜ. ಆದರೆ ಕೆಲವೇ ಎಕರೆ ಹರವಿನ ಹಳ್ಳಿಯ ಕೆರೆಗೂ ನಮ್ಮವರು ಸಮುದ್ರ ಎಂದರಲ್ಲ, ಅದು ನನ್ನನ್ನು ಹಿಡಿದು ನಿಲ್ಲಿಸುತ್ತದೆ. ಬೊಮ್ಮ, ಸಿಂಗ, ಲಕ್ಕ ಇವರೆಲ್ಲ ಕೆರೆ ಕಟ್ಟಿಸಿದವರೋ, ಅವರ ಹಿರಿಯರೋ, ಮನೆದೇವರೋ, ಯಾರೇ ಇರಲಿ. ಬೇಸಿಗೆಯಲ್ಲಿ ಬಾಯಾರಿದ ದನಕ್ಕೆ, ರಾಗಿ ಹೊಲದ ನಡುವೆ ಒಂದಿಷ್ಟು ಭತ್ತಕ್ಕೆ ಸಾಲುವಷ್ಟು ನೀರು ನಿಂತಾಗ ಅವರ ಕಣ್ಣಿಗೆ ಅದು ಸಮುದ್ರವಾಗಿಯೇ ಕಂಡಿರಬೇಕು.

ಇಂಗ್ಲೆಂಡಿನ ವಾಯವ್ಯದ ಗುಡ್ಡಸೀಮೆಯಲ್ಲೂ ಇಂಥದೇ ಸಾಲೊಂದಿದೆ: ವಿಂಡರ್‌ಮಿಯರ್, ಬಟರ್‌ಮಿಯರ್, ಕವಿ ವರ್ಡ್ಸ್‌ವರ್ತ್ ಮನೆ ಮಾಡಿಕೊಂಡಿದ್ದ ಗ್ರಾಸ್‌ಮಿಯರ್. ಮಿಯರ್ ಎಂದರೆ ಅವರ ಹಳೆಯ ಮಾತಿನಲ್ಲಿ ಕೆರೆ. ಆದರೆ ಅವು ಹಿಮನದಿಗಳು ಕೊರೆದು ಬಿಟ್ಟುಹೋದ ಸರೋವರಗಳು. ನಮ್ಮವು ಬುಟ್ಟಿಯಲ್ಲಿ ಮಣ್ಣು ಹೊತ್ತವರು ಮಾಡಿದ ನೀರು. ನನ್ನ ಪ್ರೀತಿ ಯಾವ ಕಡೆ ಎಂದು ಬೇರೆ ಹೇಳಬೇಕಿಲ್ಲ.

ಆಮೇಲೆ ನಗರಗಳು ಬಂದವು. 1948ರಲ್ಲಿ ಜಯನಗರಕ್ಕೆ ಶಂಕುಸ್ಥಾಪನೆಯಾಗಿ ಜಯಚಾಮರಾಜ ಒಡೆಯರ ಹೆಸರು ಬಂತು, ಜೆ.ಪಿ. ನಗರಕ್ಕೆ ಜಯಪ್ರಕಾಶ ನಾರಾಯಣರದು. ಒಳ್ಳೆಯ ಹೆಸರುಗಳೇ. ಅಗಲ ರಸ್ತೆ, ಸಾಲುಮರ, ಮೂಲೆಗೊಂದು ಉದ್ಯಾನ ಕೊಟ್ಟ ಬಡಾವಣೆಗಳವು, ನಾನೂ ಅದೇ ನೆರಳಿನಲ್ಲಿ ಬೆಳೆದವಳು. 1974ರಲ್ಲಿ ಕಾವೇರಿಯೂ ಕೊಳವೆಯೊಳಗೆ ಬಂದಳು, ಸುಮಾರು 100 ಕಿಲೋಮೀಟರ್ ದೂರದಿಂದ, ಪಂಪುಗಳ ಬಲದಿಂದ 500 ಮೀಟರ್ ಎತ್ತರ ಏರಿ. ನಲ್ಲಿ ತಿರುಗಿಸಿದರೆ ನೀರು ಬರುವ ಊರಿನಲ್ಲಿ ಕೆರೆಯ ಕಡೆ ಯಾರು ನೋಡುತ್ತಾರೆ? ಗದ್ದೆ ಹೋಯಿತು, ಗದ್ದೆಯ ಹಿಂದೆಯೇ ತೂಬಿನ ಕೆಲಸ ಹೋಯಿತು, ನೀರಗಂಟಿ ಹೋದ. ರಾಜಕಾಲುವೆಯ ಮೇಲೆ ಮನೆಗಳೆದ್ದವು. ನೀರು ಮಾತ್ರ ದಾರಿ ಮರೆತಿಲ್ಲ. 2019ರ ನವೆಂಬರಿನಲ್ಲಿ ಹುಳಿಮಾವು ಕೆರೆಯ ಏರಿ ಒಡೆದಾಗ ಅದು ಬಡಾವಣೆಯೊಳಕ್ಕೆ ನುಗ್ಗಿ ತಗ್ಗನ್ನೇ ಹುಡುಕಿಕೊಂಡು ಹೋಯಿತು.

ಈ ಎಲ್ಲದರ ನಡುವೆ ನನ್ನ ಮನಸ್ಸು ಹೆಚ್ಚಾಗಿ ತಂಗುವುದು ಬಿ.ಟಿ.ಎಂ. ಬಡಾವಣೆಯಲ್ಲಿ. ಊರೂರಿಂದ ಬಂದ ಹುಡುಗ ಹುಡುಗಿಯರು ಪಿ.ಜಿ.ಗಳಲ್ಲಿ ತುಂಬಿರುವ, ರಾತ್ರಿ ಹನ್ನೊಂದಕ್ಕೂ ದೋಸೆ ಸಿಗುವ ಜಾಗ ಅದು. ಅಲ್ಲಿರುವ ಎಷ್ಟೋ ಮಂದಿಗೆ ಅವು ಬರೀ ಮೂರು ಅಕ್ಷರ. ಬಿಡಿಸಿ ಓದಿದರೆ ಬೈರಸಂದ್ರ, ತಾವರೆಕೆರೆ, ಮಡಿವಾಳ. ಮೊದಲನೆಯದರಲ್ಲಿ ಸಮುದ್ರ, ಎರಡನೆಯದರಲ್ಲಿ ತಾವರೆ ತುಂಬಿದ ಕೆರೆ. ಮೂರನೆಯದರ ಹೆಸರಿನಲ್ಲಿ ನೀರಿಲ್ಲದಿದ್ದರೂ ಪಕ್ಕದಲ್ಲೇ ಸುಮಾರು 270 ಎಕರೆಯ ಮಡಿವಾಳ ಕೆರೆ ಇನ್ನೂ ಉಳಿದಿದೆ, ಹೆಜ್ಜಾರ್ಲೆಗಳು ಇನ್ನೂ ಬಂದಿಳಿಯುತ್ತವೆ.

ಬಿ.ಟಿ.ಎಂ. ಮೆಟ್ರೋ ನಿಲ್ದಾಣದ ಗೋಡೆಯ ಮೇಲೆ ಆ ಮೂರು ಊರುಗಳ ಹೆಸರನ್ನು ಪೂರ್ತಿಯಾಗಿ, ದಪ್ಪ ಕನ್ನಡ ಅಕ್ಷರಗಳಲ್ಲಿ ಬರೆಸಬೇಕು. ಕೆಳಗೊಂದು ನಕ್ಷೆಯೂ ಇರಲಿ: ಯಾವ ಕೆರೆಯ ಕೋಡಿ ಬಿದ್ದರೆ ನೀರು ಯಾವ ಕೆರೆಗೆ ಹೋಗುತ್ತಿತ್ತು, ಈಗ ಆ ದಾರಿ ಯಾವ ರಸ್ತೆಯ ಅಡಿಯಲ್ಲಿದೆ ಎಂದು ತೋರಿಸುವ ನಕ್ಷೆ. ಮನೆ ಬಾಡಿಗೆಗೆ ಹುಡುಕುವವರು ಮೊದಲು ಅಲ್ಲಿ ನಿಂತು ನೋಡಿಕೊಂಡು ಹೋಗಲಿ.